ಡ್ಯೂಟಿ ಮುಗಿದರೂ ಕೆಲಸ ಮುಗಿಯುವುದಿಲ್ಲ: ಕೊಡಗಿನ ಹೊಸ ನರ್ಸ್ ಒಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಕೊಡಗಿನ ಒಂದು ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿ ನಾಲ್ಕು ತಿಂಗಳಾಯಿತು. 24 ಹಾಸಿಗೆಯ ಮೆಡಿಕಲ್ ವಾರ್ಡ್. ಬೆಳಗ್ಗೆ ಮೂವರು, ರಾತ್ರಿ ಇಬ್ಬರು. ಎರಡು ಗಂಟೆಗೆ ಡ್ಯೂಟಿ ಮುಗಿದರೂ ಬರೆಯುವುದು ಬಾಕಿ ಉಳಿದು ನಾನು ಹೊರಡುವಾಗ ಮೂರೂವರೆ ಆಗಿರುತ್ತದೆ. ಸೋಮವಾರಪೇಟೆ ಕಡೆಯ ನಮ್ಮೂರ ಬಸ್ಸು ಹೋಗಿಬಿಟ್ಟಿರುತ್ತದೆ. ಸೀನಿಯರ್‌ಗಳು "ಇಷ್ಟು ನಿಧಾನ ಆದ್ರೆ ಹೇಗಮ್ಮ" ಅನ್ನುತ್ತಾರೆ. ಮನೆಗೆ ಬಂದ ಮೇಲೂ ಆ ಇಂಜೆಕ್ಷನ್ ಕೊಟ್ಟೆನೋ ಇಲ್ಲವೋ ಎಂದು ನಿದ್ದೆ ಬರುವುದಿಲ್ಲ. ಬೇಗ ಬೇಗ ಕೆಲಸ ಮಾಡುವುದನ್ನು ಕಲಿಯುವುದು ಹೇಗೆ? ಅಥವಾ ಈ ಕೆಲಸ ನನ್ನ ಕೈಲಾಗದ್ದೇ? ಮನೆಯಲ್ಲಿ ಬಿಟ್ಟುಬಿಡು ಅನ್ನುತ್ತಿದ್ದಾರೆ.

ಉತ್ತರ: ನಾಲ್ಕು ತಿಂಗಳಿಗೆ ಯಾರ ಕೈಯೂ ಪಳಗುವುದಿಲ್ಲ. ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವುದು, ವಯಲ್ ಸೀಸೆಯ ಔಷಧಿ ಕರಗಿಸಿ ಸಿರಿಂಜಿಗೆ ಲೋಡ್ ಮಾಡುವುದು, ಡಾಕ್ಟರ ಕೈಬರಹ ಓದುವುದು, ಇವೆಲ್ಲ ಮಾಡುತ್ತಾ ಮಾಡುತ್ತಾ ತಾವಾಗಿಯೇ ಚುರುಕಾಗುತ್ತವೆ. ಅದಕ್ಕಾಗಿ ನೀವು ಬೇರೆ ಪ್ರಯತ್ನ ಪಡಬೇಕಾಗಿಲ್ಲ. ತಾನಾಗಿ ಬಾರದ್ದು ಇನ್ನೊಂದಿದೆ. ಎಂಟು ರೋಗಿಗಳ ಇಪ್ಪತ್ತು ಕೆಲಸ ಒಟ್ಟಿಗೆ ಎದುರಿಗೆ ಬಂದಾಗ ಯಾವುದಕ್ಕೆ ಈ ಕ್ಷಣ ಕೈ ಹಾಕಬೇಕು, ಯಾವುದು ಅರ್ಧ ಗಂಟೆ ಕಾಯಬಹುದು, ಯಾವುದು ಈ ಪಾಳಿಯಲ್ಲಿ ಆಗದಿದ್ದರೂ ಯಾರಿಗೂ ತೊಂದರೆಯಿಲ್ಲ ಎಂಬ ತೀರ್ಮಾನ. ಕಾಲೇಜಿನಲ್ಲಿ ಒಬ್ಬ ರೋಗಿಯನ್ನು ಹಿಡಿದು ಪುಟಗಟ್ಟಲೆ ಕೇರ್ ಪ್ಲಾನ್ ಬರೆಸುತ್ತೇವೆ. ಎಂಟು ಜನರ ನಡುವೆ ನಿಂತು ಒಬ್ಬರನ್ನು ಮೊದಲು ಆರಿಸಿಕೊಳ್ಳುವುದನ್ನು ಬಹುಪಾಲು ಕಡೆ ಕಲಿಸುವುದೇ ಇಲ್ಲ. ನರ್ಸಿಂಗ್ ಶಾಲೆಯಲ್ಲೂ ವಾರ್ಡಿನಲ್ಲೂ ಕೆಲಸ ಮಾಡಿದವಳಾಗಿ ಈ ಕೊರತೆ ನಮ್ಮದು, ನಿಮ್ಮದಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಹಾಗಾಗಿ ವೇಗದ ಮಾತನ್ನು ಪಕ್ಕಕ್ಕಿಟ್ಟು ಸರದಿಯ ಮಾತನಾಡೋಣ.

ಪಾಳಿಯ ಮೊದಲ ಅರ್ಧ ಗಂಟೆ ಹೇಗೆ ಕಳೆಯುತ್ತದೋ ಉಳಿದ ಐದೂವರೆ ಗಂಟೆ ಹಾಗೇ ನಡೆಯುತ್ತದೆ. ಹೊಸಬರು ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, ನರ್ಸಸ್ ಸ್ಟೇಷನ್‌ನಲ್ಲಿ ನಿಂತೇ ಹ್ಯಾಂಡೋವರ್ (ಹಿಂದಿನ ಪಾಳಿಯವರು ರೋಗಿಗಳ ವಿವರ ಒಪ್ಪಿಸುವುದು) ಕೇಳಿಸಿಕೊಂಡು, ನೇರ ಇಂಜೆಕ್ಷನ್ ಟ್ರೇಗೆ ಕೈ ಹಾಕುತ್ತಾರೆ. 14ನೇ ಬೆಡ್ಡಿನ ಅಜ್ಜ ಏದುಸಿರು ಬಿಡುತ್ತಿರುವುದು ಗೊತ್ತಾಗುವುದು ಟ್ರೇ ಅಲ್ಲಿಗೆ ತಲುಪಿದಾಗ, ಅಂದರೆ ಮುಕ್ಕಾಲು ಗಂಟೆ ಕಳೆದ ಮೇಲೆ. ಅಲ್ಲಿಂದ ಇಡೀ ಬೆಳಗು ಅಸ್ತವ್ಯಸ್ತ. ಆದ್ದರಿಂದ ಹ್ಯಾಂಡೋವರ್ ಆದಷ್ಟೂ ಹಾಸಿಗೆಯ ಬಳಿಯೇ ನಡೆಯಲಿ. ರಾತ್ರಿ ಪಾಳಿಯವರಿಗೆ ಮನೆಗೆ ಹೋಗುವ ಆತುರವಿದ್ದರೆ, ಅವರು ಹೊರಟ ಕೂಡಲೇ ನೀವೊಬ್ಬರೇ ಒಂದು ಸುತ್ತು ಹಾಕಿ. ಒಬ್ಬೊಬ್ಬರ ಹತ್ತಿರ ಒಂದು ನಿಮಿಷ ಸಾಕು. ಮುಖ, ಉಸಿರು, ಮಾತಾಡಿಸಿದರೆ ಸರಿಯಾಗಿ ಉತ್ತರ ಬರುತ್ತದೆಯೇ, ಡ್ರಿಪ್ ಬಾಟಲಿಯಲ್ಲಿ ಎಷ್ಟು ಉಳಿದಿದೆ, ಕ್ಯಾನುಲಾ ಹಾಕಿದ ಕೈ ಊದಿದೆಯೇ, ಯೂರಿನ್ ಬ್ಯಾಗ್‌ನಲ್ಲಿ ಎಷ್ಟಿದೆ, ಆಕ್ಸಿಜನ್ ಎಷ್ಟರಲ್ಲಿ ಹೋಗುತ್ತಿದೆ. ಏನನ್ನೂ ಮಾಡಬೇಡಿ, ನೋಡಿ ಅಷ್ಟೆ. ದಾರಿಯಲ್ಲಿ ಯಾರಾದರೂ ಬೆಡ್‌ಶೀಟ್ ಕೇಳಿದರೆ "ಈ ಸುತ್ತು ಮುಗಿಸಿ ಬಂದು ಕೊಡ್ತೇನಮ್ಮ" ಎಂದು ಮುಂದೆ ನಡೆಯಿರಿ.

ಈ ಸುತ್ತಿನಲ್ಲಿ ಒಂದನ್ನು ಮಾತ್ರ ಲೆಕ್ಕ ಹಾಕಲೇಬೇಕು: ಉಸಿರಾಟ. ಅನುಮಾನ ಬಂದವರದ್ದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಷ್ಟೋ ವಾರ್ಡುಗಳ ಚಾರ್ಟ್ ತೆರೆದರೆ ಎಲ್ಲ ರೋಗಿಗಳ ಉಸಿರಾಟವೂ 18 ಅಥವಾ 20 ಎಂದೇ ಇರುತ್ತದೆ. ಯಾರೂ ಎಣಿಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬ್ರಿಟನ್‌ನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ರೂಪಿಸಿದ 'ನ್ಯೂಸ್' ಎಂಬ, ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಮೊದಲೇ ಗುರುತಿಸುವ ಅಂಕ ಪದ್ಧತಿಯಲ್ಲಿ ಉಸಿರಾಟ, ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದಾರೆಯೇ ಎಂಬುದು, ಬಿಪಿ, ನಾಡಿ, ಪ್ರಜ್ಞೆ, ಜ್ವರ ಈ ಏಳಕ್ಕೂ ಅಂಕಗಳಿವೆ. ಉಸಿರು ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಅದೊಂದಕ್ಕೇ 3 ಅಂಕ. ಒಂದೇ ವಿಷಯಕ್ಕೆ 3 ಬಂದರೂ ಡಾಕ್ಟರಿಗೆ ತಿಳಿಸಬೇಕು, ಒಟ್ಟು 5 ಆದರೆ ತುರ್ತು, 7 ಮುಟ್ಟಿದರೆ ಅತಿ ತುರ್ತು. ನಿಮ್ಮ ಆಸ್ಪತ್ರೆಯಲ್ಲಿ ಆ ಚಾರ್ಟ್ ಇಲ್ಲದಿದ್ದರೂ ಈ ಸಂಖ್ಯೆಗಳು ತಲೆಯಲ್ಲಿರಲಿ. ಯಾರ ಹತ್ತಿರ ಮೊದಲು ಹೋಗಬೇಕು ಎಂಬ ಪ್ರಶ್ನೆಗೆ ಅವೇ ಉತ್ತರ ಕೊಡುತ್ತವೆ.

ಕೊಡಗಿನ ವಾರ್ಡುಗಳ ಬಗ್ಗೆ ಇಲ್ಲಿ ವಿಶೇಷವಾಗಿ ಒಂದು ಹೇಳಬೇಕು. ನಮ್ಮ ಸಮಯ ಕೂಗಿ ಕರೆಯುವವರ ಪಾಲಾಗುತ್ತದೆ. ಜೊತೆಗೆ ನಾಲ್ಕು ಮಂದಿ ನೆಂಟರಿರುವ, ಸ್ಟೇಷನ್‌ಗೆ ಐದು ಸಲ ಬಂದು ಕೇಳುವ ಮನೆಯವರ ರೋಗಿಗೆ ಬೇಡದಿದ್ದರೂ ಹೆಚ್ಚು ಗಮನ ಸಿಗುತ್ತದೆ. ಹಾಡಿಯಿಂದ ಬಂದ ಯರವರ ಅಜ್ಜಿ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಒಬ್ಬನೇ ಬಂದು ಮಲಗಿರುವ ಅಸ್ಸಾಮಿನ ಹುಡುಗ, ಇವರು ಕರೆಯುವುದಿಲ್ಲ. ನೋವಿದೆಯಾ ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಭಾಷೆಯೂ ಅಡ್ಡ ಬರುತ್ತದೆ. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಹಿಂದಿ ಎಲ್ಲವೂ ಕೇಳುವ ಊರು ನಮ್ಮದು. ನೋವು, ಉಸಿರು, ತಲೆ ಸುತ್ತು, ಮೂತ್ರ, ವಾಂತಿ ಈ ಐದಕ್ಕೆ ಆಯಾ ಭಾಷೆಯಲ್ಲಿ ಏನನ್ನುತ್ತಾರೆಂದು ಜೊತೆಯವರನ್ನು ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಸುತ್ತಿನಲ್ಲಿ ಸದ್ದಿಲ್ಲದ ಹಾಸಿಗೆಗಳಿಗೆ ಮೊದಲು ಹೋಗಿ. ಇದು ಬರೀ ಕರುಣೆಯ ಮಾತಲ್ಲ. ಆ ಹಾಸಿಗೆಗಳಲ್ಲಿ ತಡವಾಗಿ ಗೊತ್ತಾಗುವ ತೊಂದರೆಯೇ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಎರಡು ಗಂಟೆ ನುಂಗುತ್ತದೆ.

ಸುತ್ತು ಮುಗಿದ ಮೇಲೆ ಐದು ನಿಮಿಷ ಕೂತು ಒಂದು ಹಾಳೆ ತಯಾರು ಮಾಡಿ. ಬಿಳಿ ಹಾಳೆಯನ್ನು ಉದ್ದುದ್ದ ಮಡಚಿ, ಎಡಗಡೆ ಬೆಡ್ ನಂಬರ್, ಮೇಲುಗಡೆ 8ರಿಂದ 2ರವರೆಗಿನ ಗಂಟೆಗಳು. ಯಾರಿಗೆ ಎಷ್ಟು ಹೊತ್ತಿಗೆ ಏನು ಎಂಬುದು ಆ ಮನೆಗಳಲ್ಲಿ ಬೀಳಬೇಕು: ಶುಗರ್, ಇನ್ಸುಲಿನ್, ಆ್ಯಂಟಿಬಯೋಟಿಕ್, ಸ್ಕ್ಯಾನಿಂಗ್, ಬ್ಲಡ್ ರಿಪೋರ್ಟ್, ಡಿಸ್ಚಾರ್ಜ್. ತಪ್ಪಿದರೆ ಅಪಾಯವಿರುವುದಕ್ಕೆ ಮಾತ್ರ ಕೆಂಪು ಶಾಯಿ. ಕೆಂಪು ಆರೇಳನ್ನು ದಾಟಿದರೆ ನೀವು ಆರಿಸಿಲ್ಲ, ಎಲ್ಲವನ್ನೂ ಬರೆದಿದ್ದೀರಿ ಎಂದರ್ಥ. ಹೆಸರು ಬರೆಯಬೇಡಿ. ಪಾಳಿ ಮುಗಿದಾಗ ಹರಿದು ಹಾಕಿ. ಕೊಟ್ಟ ಕೂಡಲೇ ಆ ಮನೆಗೆ ಗೀಟು ಎಳೆಯಿರಿ. ರಾತ್ರಿ ಮನೆಯಲ್ಲಿ "ಕೊಟ್ಟೆನೋ ಇಲ್ಲವೋ" ಎಂದು ಕಾಡುವ ಪ್ರಶ್ನೆಗೆ ಬಹುಮಟ್ಟಿಗೆ ಮದ್ದು ಈ ಗೀಟೇ. ಮನಸ್ಸು ನೆನಪಿಟ್ಟುಕೊಳ್ಳಬೇಕಾದ್ದನ್ನು ಕಾಗದಕ್ಕೆ ಒಪ್ಪಿಸಿದರೆ ಅದು ಬಸ್ಸಿನಲ್ಲಿ ನಿಮ್ಮ ಜೊತೆ ಬರುವುದಿಲ್ಲ.

ಇನ್ನು ಔಷಧಿ. ಎಂಟು ಗಂಟೆಯ ಔಷಧಿಯನ್ನೆಲ್ಲ ಎಂಟಕ್ಕೇ ಕೊಡಬೇಕೆಂಬ ಒತ್ತಡ ಹೊಸಬರನ್ನು ಓಡಿಸುತ್ತದೆ. ಅಷ್ಟು ಓಡಬೇಕಾಗಿಲ್ಲ. ಔಷಧ ಸುರಕ್ಷತೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆ 2011ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ: ಹೊತ್ತು ಮೀರಿದರೆ ಕೆಡುಕಾಗುವ ಔಷಧಿಗಳಿಗೆ ಆಚೀಚೆ ಅರ್ಧ ಗಂಟೆ, ದಿನಕ್ಕೆ ಎರಡು ಮೂರು ಸಲ ಕೊಡುವವಕ್ಕೆ ಆಚೀಚೆ ಒಂದು ಗಂಟೆ, ದಿನಕ್ಕೊಮ್ಮೆ ಕೊಡುವ ಮಾತ್ರೆಗಳಿಗೆ ಆಚೀಚೆ ಎರಡು ಗಂಟೆ. ನಿಮ್ಮ ಆಸ್ಪತ್ರೆಗೆ ಬೇರೆ ನಿಯಮವಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಈ ಲೆಕ್ಕ ಕೇಳಿ ಖಚಿತಪಡಿಸಿಕೊಳ್ಳಿ. ಇನ್ಸುಲಿನ್, ಫಿಟ್ಸ್ ಔಷಧಿ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಧಕ್ಕೆಯಾಗುವ ಸ್ಥಿತಿ) ರೋಗಿಯ ಮೊದಲ ಡೋಸ್ ಆ್ಯಂಟಿಬಯೋಟಿಕ್ ಮೊದಲ ಸಾಲಿಗೆ. ಕ್ಯಾಲ್ಸಿಯಂ, ವಿಟಮಿನ್ ಮಾತ್ರೆಗಳು ಒಂಬತ್ತೂವರೆಗೆ ಹೋದರೂ ಯಾರಿಗೂ ಏನೂ ಆಗದು.

ಇನ್ಸುಲಿನ್ ವಿಷಯದಲ್ಲಿ ಗಡಿಯಾರದ ಜೊತೆ ತಟ್ಟೆಯನ್ನೂ ನೋಡಿ. ರೆಗ್ಯುಲರ್ ಇನ್ಸುಲಿನ್ ತಿಂಡಿಗೆ ಅರ್ಧ ಗಂಟೆ ಮೊದಲು. ಆದರೆ ಜೂನ್, ಜುಲೈ ತಿಂಗಳಲ್ಲಿ ಮನೆಯಿಂದ ಬರಬೇಕಾದ ಬುತ್ತಿ ಮಳೆಗೆ ಸಿಕ್ಕಿ ಹತ್ತು ಗಂಟೆಗೆ ಬರುವುದುಂಟು. ತಿಂಡಿ ಬಂದಿದೆಯೇ ಎಂದು ಕೇಳದೆ ಸೂಜಿ ಚುಚ್ಚಿದರೆ ಶುಗರ್ ಇಳಿದು ರೋಗಿ ಬೆವರುತ್ತಾ ಮಲಗುತ್ತಾರೆ. ಮಾಡಿ ಮುಗಿಸಿದ ಕೆಲಸವೇ ಆಗ ದೊಡ್ಡ ಕೆಲಸವಾಗಿ ತಿರುಗಿ ಬರುತ್ತದೆ.

ಎಷ್ಟೇ ಅವಸರವಿದ್ದರೂ ಬಗ್ಗದ ಔಷಧಿಗಳೂ ಇವೆ. ವ್ಯಾಂಕೋಮೈಸಿನ್ ನಿಮಿಷಕ್ಕೆ 10 ಮಿಲಿಗ್ರಾಂ ಮೀರಬಾರದು, ಅಂದರೆ ಒಂದು ಗ್ರಾಂಗೆ ಕಡಿಮೆಯೆಂದರೆ 100 ನಿಮಿಷ. ಫಿನಿಟಾಯಿನ್ ನಾರ್ಮಲ್ ಸಲೈನ್‌ನಲ್ಲಿ ಮಾತ್ರ, ದೊಡ್ಡವರಿಗೆ ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದು. ಪೊಟ್ಯಾಸಿಯಂ ಕ್ಲೋರೈಡ್ ಯಾವ ಕಾರಣಕ್ಕೂ ನೇರ ರಕ್ತನಾಳಕ್ಕೆ ತಳ್ಳಬಾರದು. ಸೆಫ್ಟ್ರಿಯಾಕ್ಸೋನ್ ಕೊಡುವ ಲೈನಿನಲ್ಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಓಡುತ್ತಿದ್ದರೆ ನಿಲ್ಲಿಸಿ, ಸಲೈನ್‌ನಲ್ಲಿ ಫ್ಲಶ್ ಮಾಡಿದ ಮೇಲೇ ಕೊಡಬೇಕು. ಈ ನಿಮಿಷಗಳಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಹಾಗೆಯೇ ಇಡೀ ವಾರ್ಡಿನ ಸಿರಿಂಜುಗಳನ್ನು ಒಂದೇ ಟ್ರೇಯಲ್ಲಿ ಲೋಡ್ ಮಾಡಿ, ಲೇಬಲ್ ಇಲ್ಲದೆ, 'ಇದು 6ರದ್ದು, ಇದು 7ರದ್ದು' ಎಂದು ನೆನಪಿನಲ್ಲಿ ಹೊತ್ತುಕೊಂಡು ಹೋಗುವ ಅಭ್ಯಾಸವನ್ನು ಸೀನಿಯರ್‌ಗಳಿಂದ ಕಲಿಯಬೇಡಿ. ಬೇಗ ಆಗುವಂತೆ ಕಾಣುತ್ತದೆ, ಎರಡು ಸಿರಿಂಜು ಅದಲುಬದಲಾದರೆ ಮುಗಿಯಿತು. ಪ್ರತಿ ಸಿರಿಂಜಿಗೂ ಪ್ಲಾಸ್ಟರ್ ಅಂಟಿಸಿ ಬೆಡ್ ನಂಬರ್, ಔಷಧಿ, ಪ್ರಮಾಣ ಬರೆಯಿರಿ. ಹಾಸಿಗೆ ಬಳಿ ರೋಗಿಯ ಹೆಸರು ಅವರ ಬಾಯಿಂದಲೇ ಕೇಳಿ.

ಟ್ರೇ ಕೈಯಲ್ಲಿದ್ದಾಗ ಫೋನ್ ಎತ್ತಬೇಡಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಔಷಧಿ ಕೊಡುವುದನ್ನು ಪಕ್ಕದಲ್ಲೇ ನಿಂತು ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ನಡುವೆ ಆಗುವ ಒಂದೊಂದು ಅಡಚಣೆಗೂ ತಪ್ಪುಗಳು ಶೇಕಡಾ 12ರ ಆಸುಪಾಸಿನಲ್ಲಿ ಏರುತ್ತಾ ಹೋದದ್ದು ಅದರಲ್ಲಿ ಕಂಡುಬಂತು. ನಮ್ಮಲ್ಲಿ ಅಡಚಣೆ ಹೆಚ್ಚಾಗಿ ರೋಗಿಯ ಜೊತೆಗಿರುವವರಿಂದ: ಡಾಕ್ಟರ್ ಎಷ್ಟು ಹೊತ್ತಿಗೆ ಬರ್ತಾರೆ, ರಿಪೋರ್ಟ್ ಬಂತಾ, ಇವತ್ತು ಬಿಡ್ತಾರಾ. ಅವರ ಮೇಲೆ ರೇಗಬೇಡಿ, ಅವರಿಗೆ ಗೊತ್ತಿಲ್ಲದೆ ಕೇಳುತ್ತಾರೆ. ಬೆಳಗಿನ ಸುತ್ತಿನಲ್ಲಿಯೇ ಹೇಳಿಬಿಡಿ: "ರೌಂಡ್ಸ್ ಹತ್ತರ ಮೇಲೆ. ರಿಪೋರ್ಟ್ ಮಧ್ಯಾಹ್ನ ಬರ್ತದೆ. ನಾನು ಒಂಬತ್ತೂವರೆಗೆ ಮತ್ತೆ ಈ ಕಡೆ ಬರ್ತೇನೆ, ಆಗ ಕೇಳಿ." ಒಂಬತ್ತೂವರೆಗೆ ತಪ್ಪದೆ ಹೋಗಿ. ಎರಡು ದಿನ ಮಾತು ಉಳಿಸಿಕೊಂಡರೆ ಆಮೇಲೆ ಅವರು ಕಾಯುತ್ತಾರೆ.

ಡ್ರಿಪ್‌ನದ್ದೂ ಇದೇ ಕಥೆ. "ಸಿಸ್ಟರ್, ಬಾಟ್ಲಿ ಖಾಲಿ" ಎಂಬ ಕೂಗಿಗೆ ಓಡಿ ಓಡಿ ಎಷ್ಟೋ ನರ್ಸ್‌ಗಳ ಬೆಳಗು ಕಳೆಯುತ್ತದೆ. 500 ಮಿಲಿಯ ಒಂದು ಪಿಂಟ್ ನಾಲ್ಕು ಗಂಟೆಗೆ ಎಂದರೆ ಗಂಟೆಗೆ 125 ಮಿಲಿ. ಒಂದು ಮಿಲಿಗೆ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 42 ಹನಿ. 60 ಹನಿಯ ಮೈಕ್ರೋ ಸೆಟ್ ಆದರೆ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಸೆಟ್‌ನ ಕವರಿನ ಮೇಲೆ ಮಿಲಿಗೆ ಎಷ್ಟು ಹನಿ ಎಂದು ಬರೆದಿರುತ್ತದೆ, ನೋಡಿಕೊಳ್ಳಿ. ಹನಿ ಎಣಿಸಿ ಬಿಟ್ಟು, ಬಾಟಲಿಗೆ ಪ್ಲಾಸ್ಟರ್ ಅಂಟಿಸಿ '8:10ರಿಂದ 12:10' ಎಂದು ಬರೆಯಿರಿ. ಆ ಹನ್ನೆರಡೂ ಹತ್ತು ನಿಮ್ಮ ಹಾಳೆಗೂ ಹೋಗಲಿ. ಆಮೇಲೆ ಬಾಟಲಿ ನಿಮ್ಮನ್ನು ಕರೆಯುವ ಮೊದಲೇ ನೀವು ಅಲ್ಲಿರುತ್ತೀರಿ. ಎಲ್ಲ ಬಾಟಲಿಗಳೂ ರೌಂಡ್ಸ್ ಹೊತ್ತಿಗೇ ಮುಗಿಯುವಂತಿದ್ದರೆ ಅದೂ ಮೊದಲೇ ಗೊತ್ತಾಗುತ್ತದೆ.

ತಡವಾಗಿ ಹೊರಡಲು ನೀವು ಕೊಟ್ಟ ಕಾರಣ ಬರವಣಿಗೆ. ಹಾಗಾದರೆ ಬರೆಯುವುದನ್ನು ಕೊನೆಗೆ ಗುಡ್ಡೆ ಹಾಕುತ್ತಿದ್ದೀರಿ. ಪ್ರತಿ ರೋಗಿಯ ಕೆಲಸ ಮುಗಿದ ಕೂಡಲೇ ಅಲ್ಲೇ ನಿಂತು ಎರಡು ಸಾಲು ಬರೆಯಿರಿ. ಹನ್ನೊಂದೂವರೆಗೆ ಹತ್ತು ನಿಮಿಷ, ಒಂದೂಕಾಲಿಗೆ ಹದಿನೈದು ನಿಮಿಷ ಕೂತು ಉಳಿದದ್ದನ್ನು ಮುಗಿಸಿ. ನೋಟ್ಸ್‌ನಲ್ಲಿ ಕಥೆ ಬೇಡ: ಏನು ಕಂಡಿತು, ಏನು ಮಾಡಿದಿರಿ, ಎಷ್ಟು ಹೊತ್ತಿಗೆ, ಯಾರಿಗೆ ತಿಳಿಸಿದಿರಿ, ಆಮೇಲೆ ಹೇಗಿದ್ದರು. ಡಿಸ್ಚಾರ್ಜ್ ಕಾಗದ, ಆಯುಷ್ಮಾನ್ ಫೈಲ್, ಔಷಧಿ, ಸಾಮಗ್ರಿಗಳ ಬೇಡಿಕೆ ಬರೆಯುವ ಇಂಡೆಂಟ್ ಪುಸ್ತಕ ಇವೆಲ್ಲ ರೌಂಡ್ಸ್ ಮುಗಿದ ಕೂಡಲೇ ಒಟ್ಟಿಗೆ ಆಗಲಿ. ಆದರೆ ಒಂದು ಕಟ್ಟುನಿಟ್ಟು: ಮಾಡುವ ಮೊದಲು ಬರೆಯಬೇಡಿ. ಹನ್ನೆರಡು ಗಂಟೆಯ ಬಿಪಿಯನ್ನು ಹನ್ನೊಂದಕ್ಕೇ ಊಹಿಸಿ ತುಂಬಿಟ್ಟು ಸಮಯ ಉಳಿಸುವವರಿದ್ದಾರೆ. ರೋಗಿ ಹನ್ನೆರಡಕ್ಕೆ ಕುಸಿದರೆ ಆ ಚಾರ್ಟ್ ಹೇಳುವುದು ಸುಳ್ಳು, ಮುಂದಿನ ಡಾಕ್ಟರು ಚಿಕಿತ್ಸೆ ನಿರ್ಧರಿಸುವುದು ಆ ಸುಳ್ಳಿನ ಮೇಲೆ. ನೋಡಲಾಗಲಿಲ್ಲ ಎಂದರೆ 'ನೋಡಲಾಗಲಿಲ್ಲ' ಎಂದೇ ಕಾರಣ ಸಹಿತ ಬರೆಯುವ ಧೈರ್ಯ ಬೇಕು.

ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡರೂ ಅದನ್ನು ಬುಡಮೇಲು ಮಾಡುವ ರೋಗಿ ಬಂದೇ ಬರುತ್ತಾರೆ. ಕಾಫಿ ತೋಟದಿಂದ ಹಾವು ಕಡಿದವರು ಬಂದರೆಂದುಕೊಳ್ಳಿ. ಸಣ್ಣ ಆಸ್ಪತ್ರೆಗಳಲ್ಲಿ ಕ್ಯಾಶುವಾಲ್ಟಿಯಿಂದ ನೇರ ವಾರ್ಡಿಗೇ ಕಳಿಸುತ್ತಾರೆ. ಮೊದಲ ಕೆಲಸಗಳಲ್ಲೊಂದು ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ. ಪ್ಲಾಸ್ಟಿಕ್ ಆಗದು, ಸೋಪಿನ ಪುಡಿಯಲ್ಲಿ ತೊಳೆದದ್ದೂ ಆಗದು. ಟ್ಯೂಬಿಗೆ ಹೊತ್ತು ಬರೆದ ಪ್ಲಾಸ್ಟರ್ ಅಂಟಿಸಿ ಯಾರ ಕೈಯೂ ತಾಗದ ಕಡೆ ನಿಲ್ಲಿಸಬೇಕು. ನಡುವೆ ಎತ್ತಿ ನೋಡಬಾರದು, ಅಲ್ಲಾಡಿಸಬಾರದು. ಇಪ್ಪತ್ತು ನಿಮಿಷ ತುಂಬಿದ ಮೇಲೆ ಒಮ್ಮೆ ವಾಲಿಸಿ ನೋಡಿದಾಗ ರಕ್ತ ಇನ್ನೂ ನೀರಾಗಿಯೇ ಹರಿದರೆ ವಿಷ ಏರಿದೆ ಎಂದು ಲೆಕ್ಕ.

ಆ ಇಪ್ಪತ್ತು ನಿಮಿಷ ಹೊಸ ನರ್ಸ್‌ಗೆ ದೊಡ್ಡ ಪಾಠ. ಟ್ಯೂಬ್ ನೋಡುತ್ತಾ ನಿಲ್ಲುವವರಿದ್ದಾರೆ. ಟ್ಯೂಬನ್ನು ಮರೆತು ಬೇರೆ ಕಡೆ ಹೋಗಿ ನಲವತ್ತು ನಿಮಿಷಕ್ಕೆ ಬರುವವರೂ ಇದ್ದಾರೆ. ಗಡಿಯಾರ ನೋಡಿಕೊಂಡು ಆ ಹೊತ್ತಿಗೆ ಕೆಲಸ ಕೂಡಿಸಬೇಕು. ಕಡಿತವಿಲ್ಲದ ಕೈಗೆ ಲೈನ್ ಹಾಕಿ. ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯಿರಿ. ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಬಂದಿದ್ದರೆ ಡಾಕ್ಟರಿಲ್ಲದೆ ತಟಕ್ಕನೆ ಬಿಚ್ಚಬೇಡಿ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಇಂಡೆಂಟ್ ಹೋಗಲಿ, ಜೊತೆಗೆ ಅಡ್ರಿನಲಿನ್ ಕೈಗೆ ಸಿಗುವಂತಿರಲಿ. ಏಕೆಂದರೆ ಎಎಸ್‌ವಿ ಶುರುವಾದ ಮೇಲೆ ತುರಿಕೆ, ದದ್ದು, ವಾಂತಿ, ಉಸಿರುಕಟ್ಟು ಕಂಡರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆದು ತೊಡೆಗೆ ಅಡ್ರಿನಲಿನ್ ಕೊಡುವುದಕ್ಕೆ ಸಿಗುವುದು ಕೆಲವೇ ನಿಮಿಷ. ಇಷ್ಟರ ನಡುವೆ ಹೊಸಬರು ಮಾಡದೇ ಬಿಡುವ ಕೆಲಸವೊಂದಿದೆ. ಜೊತೆಯವರಿಗೆ ಗಟ್ಟಿಯಾಗಿ ಹೇಳುವುದು: "ಅಕ್ಕಾ, ಮುಂದಿನ ಒಂದು ಗಂಟೆ ನಾನು ಈ ಬೆಡ್ ಬಿಟ್ಟು ಅಲ್ಲಾಡಲ್ಲ. ನನ್ನ 5ನ್ನೂ 9ನ್ನೂ ನೀವು ನೋಡ್ಕೊಳ್ಳಿ. 9ಕ್ಕೆ ಹನ್ನೆರಡೂವರೆಗೆ ಇನ್ಸುಲಿನ್ ಇದೆ." ಸುಮ್ಮನೆ "ಸ್ವಲ್ಪ ನೋಡ್ಕೊಳ್ಳಿ" ಎಂದರೆ ಯಾರೂ ನೋಡುವುದಿಲ್ಲ. ಬೆಡ್ ನಂಬರ್, ಕೆಲಸ, ಹೊತ್ತು ಮೂರೂ ಹೇಳಬೇಕು.

ಆಯಾಗಳಿಗೆ, ಗ್ರೂಪ್ ಡಿ ಅವರಿಗೆ ಕೆಲಸ ಹೇಳುವಾಗಲೂ ಇದೇ. ಅವರು ನಿಮ್ಮ ತಾಯಿಯ ವಯಸ್ಸಿನವರು, ಹೇಳಲು ಸಂಕೋಚ, ಆದ್ದರಿಂದ ನೀವೇ ಬೆಡ್‌ಪ್ಯಾನ್ ಹಿಡಿದು ಓಡುತ್ತೀರಿ. ಅದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ಆ ಹೊತ್ತಿಗೆ ನಿಮ್ಮಿಂದ ಮಾತ್ರ ಆಗುವ ಕೆಲಸ ನಿಂತಿರುತ್ತದೆ. "ಅಕ್ಕಾ, 11ರ ಅಜ್ಜನನ್ನು ಹತ್ತು ಗಂಟೆಗೆ ನಾವಿಬ್ಬರೂ ಸೇರಿ ಮಗ್ಗುಲು ತಿರುಗಿಸೋಣ, ನೀವು ಬೆನ್ನು ಕೆಂಪಗಾಗಿದೆಯಾ ನೋಡಿ ನನಗೆ ಹೇಳಿ" ಎಂದರೆ ಅವರೂ ಗೌರವದಿಂದ ಮಾಡುತ್ತಾರೆ.

ಮಗ್ಗುಲು ಬದಲಿಸುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕೆಲಸ ಹೆಚ್ಚಾದಾಗ ಯಾರ ಗಮನಕ್ಕೂ ಬಾರದೆ ಮೊದಲು ಬಿಟ್ಟುಹೋಗುವುದು ಅದೇ. ಅಂದು ಏನೂ ಆಗುವುದಿಲ್ಲ, ಕೆಲವೇ ದಿನಗಳಲ್ಲಿ ಸೊಂಟದ ಹಿಂದೆ ಹುಣ್ಣು. ಎರಡು ಗಂಟೆಗೊಮ್ಮೆ ತಿರುಗಿಸುವುದು, ಬಾಯಿ ಸ್ವಚ್ಛ ಮಾಡುವುದು, ನೀರು ಕುಡಿಸುವುದು, ಇವನ್ನು ಬಿಡುವುದಕ್ಕಿಂತ ಬೆಡ್‌ಶೀಟಿನ ಮೂಲೆ ಮಡಚುವುದನ್ನು, ರಿಜಿಸ್ಟರಿಗೆ ಗೀಟು ಹಾಕುವುದನ್ನು, ರೌಂಡ್ಸ್‌ಗೆ ಮುನ್ನ ಲಾಕರ್ ಮೇಲಿನ ಫ್ಲಾಸ್ಕ್ ಸಾಲಾಗಿ ಜೋಡಿಸುವುದನ್ನು ಬಿಡಿ. ಬೈಸಿಕೊಂಡರೂ ಪರವಾಗಿಲ್ಲ.

ಡಾಕ್ಟರಿಗೆ ಫೋನ್ ಮಾಡುವ ಮುನ್ನ ಅರ್ಧ ನಿಮಿಷ ಕೇಸ್ ಶೀಟ್ ಕೈಯಲ್ಲಿ ಹಿಡಿದುಕೊಳ್ಳಿ. "ಸರ್, 14 ಯಾಕೋ ಸರಿ ಇಲ್ಲ" ಎಂದರೆ ಅವರು ಹತ್ತು ಪ್ರಶ್ನೆ ಕೇಳುತ್ತಾರೆ, ನೀವು ಹತ್ತು ಸಲ ಓಡುತ್ತೀರಿ. "ಸರ್, ಮೆಡಿಕಲ್ ವಾರ್ಡ್, 14ನೇ ಬೆಡ್, 68 ವರ್ಷ, ನಿನ್ನೆ ನ್ಯುಮೋನಿಯಾ ಅಂತ ಅಡ್ಮಿಟ್. ಬೆಳಗ್ಗೆ ಉಸಿರು 20 ಇತ್ತು, ಈಗ 30. ಆಕ್ಸಿಜನ್ 4 ಲೀಟರಿನಲ್ಲಿ 88 ಬರ್ತಿದೆ. ಬಿಪಿ 94/60. ನೀವು ಈಗಲೇ ಬಂದು ನೋಡಬೇಕು ಸರ್. ಅಷ್ಟರಲ್ಲಿ ಏನು ಶುರು ಮಾಡ್ಲಿ?" ಈ ಮಾತಿಗೆ ಒಂದು ನಿಮಿಷವೂ ಬೇಡ. ಕೊನೆಯ ಎರಡು ವಾಕ್ಯ ಬಿಡಬೇಡಿ. ನಿಮಗೆ ಏನು ಬೇಕೆಂದು ನೀವೇ ಹೇಳಬೇಕು.

ಆ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ರೆಫರ್ ಮಾಡಿದರೆ ಕಾಗದದ ಜೊತೆ ಆಕ್ಸಿಜನ್ ಲೆಕ್ಕವೂ ನಿಮ್ಮದೆಂದು ತಿಳಿಯಿರಿ. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರ್ ಹೋದರೆ ಐದು ಗಂಟೆ, 10 ಹೋದರೆ ಎರಡೂವರೆ ಗಂಟೆ ಮಾತ್ರ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಳೆಯಲ್ಲಿ ಮೂರು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದದ್ದು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯಲ್ಲಿ ರಸ್ತೆ ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ. ಮಳೆಗಾಲದ ಪಾಳಿಯಲ್ಲಿ ಮೊದಲ ಸುತ್ತಿಗೆ ಇನ್ನೂ ಮೂರು ಸೇರಿಸಿ: ಟಾರ್ಚ್ ಉರಿಯುತ್ತದೆಯೇ, ಸಿರಿಂಜ್ ಪಂಪ್ ಚಾರ್ಜ್ ಇದೆಯೇ, ಕರೆಂಟಿಲ್ಲದೆ ನಡೆಯುವ, ಕಫ ಹೀರುವ ಸಕ್ಷನ್ ಸಾಧನ ಎಲ್ಲಿದೆ. ನಿಮ್ಮ ಬದಲಿಗೆ ಬರಬೇಕಾದವರ ಬಸ್ಸು ಮರ ಬಿದ್ದು ನಿಂತರೆ ನೀವು ಉಳಿಯಲೇಬೇಕಾಗುತ್ತದೆ. ಆ ದಿನಗಳಿಗೆ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದಿಷ್ಟು ತಿನ್ನುವ ಪದಾರ್ಥ ಇರಲಿ.

ರಾತ್ರಿ ಪಾಳಿಗೆ ಇದೇ ಸರದಿ ಸಾಕು. ಬೆಳಗಿನ ಜಾವ ಮೂರರಿಂದ ಐದರ ನಡುವೆ ಕಣ್ಣು, ತಲೆ ಎರಡೂ ಮಂಕಾಗುತ್ತವೆ. ಲೆಕ್ಕ ಹಾಕಿ ಕೊಡುವ ಔಷಧಿ ಆ ಹೊತ್ತಿಗೆ ಇದ್ದರೆ ಜೊತೆಯವರಿಂದ ಇನ್ನೊಮ್ಮೆ ನೋಡಿಸಿ. ಬೆಳಗ್ಗೆ ಸ್ಕೂಟಿಯಲ್ಲಿ ಮಂಜಿನ ತಿರುವುಗಳಲ್ಲಿ ಮನೆಗೆ ಹೋಗುವವರಾದರೆ ಇಪ್ಪತ್ತು ನಿಮಿಷ ಮಲಗಿ ಎದ್ದು ಹೊರಡಿ.

ಈಗ ಕೆಲಸದ ಹೊರೆಯ ಮಾತು. ಭಾರತೀಯ ನರ್ಸಿಂಗ್ ಪರಿಷತ್ತು ಬೋಧಕ ಆಸ್ಪತ್ರೆಗಳ ಮೆಡಿಕಲ್, ಸರ್ಜಿಕಲ್ ವಾರ್ಡುಗಳಿಗೆ ಹೇಳುವ ಲೆಕ್ಕ 3 ರೋಗಿಗಳಿಗೆ ಒಬ್ಬ ನರ್ಸ್, ಪಾಳಿಯ ಲೆಕ್ಕದಲ್ಲಿ 9 ರೋಗಿಗಳಿಗೆ ಒಬ್ಬರು, ಅದರ ಮೇಲೆ ರಜೆಗೆಂದು ಶೇಕಡಾ 30 ಹೆಚ್ಚುವರಿ. ನಿಮ್ಮ ಬೆಳಗಿನ ಎಂಟು ಆ ಅಳತೆಯೊಳಗಿದೆ, ರಾತ್ರಿಯ ಹನ್ನೆರಡು ಅದನ್ನು ಮೀರಿದೆ. ಹುತ್ತರಿಗೋ ಕೈಲ್ ಪೊಳ್ದಿಗೋ ಮೂವರಲ್ಲಿ ಒಬ್ಬರು ರಜೆ ಹಾಕಿದರೆ ಬೆಳಗ್ಗೆಯೂ ಹನ್ನೆರಡೇ. ಆ ದಿನ ಎಲ್ಲ ಮುಗಿಯದಿದ್ದರೆ ಅದು ನಿಮ್ಮ ನಿಧಾನವಲ್ಲ, ಜನ ಸಾಲದ್ದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ. ಒಂದು ವಾರ ನಿಮ್ಮ ಹಾಳೆಗಳ ಹಿಂದೆ ಬರೆಯಿರಿ: ಎಷ್ಟು ರೋಗಿಗಳು, ಎಷ್ಟು ಅಡ್ಮಿಷನ್, ಯಾವ ಕೆಲಸ ಉಳಿಯಿತು, ಎಷ್ಟಕ್ಕೆ ಹೊರಟಿರಿ. ಅದನ್ನು ಹಿಡಿದು ಇನ್‌ಚಾರ್ಜ್ ಸಿಸ್ಟರ್ ಬಿಡುವಾಗಿರುವಾಗ ಮಾತನಾಡಿ. "ನನ್ನಿಂದ ಆಗ್ತಿಲ್ಲ" ಎಂದು ಶುರು ಮಾಡಬೇಡಿ. "ಸಿಸ್ಟರ್, ಹನ್ನೆರಡು ರೋಗಿ ಇದ್ದ ಮೂರು ದಿನವೂ ಎರಡು ಗಂಟೆಗೊಮ್ಮೆ ಆಗಬೇಕಾದ ಮಗ್ಗುಲು ಬದಲಾವಣೆ ತಪ್ಪಿದೆ. ಏನು ಮಾಡೋಣ?" ಎಂದು ಕೇಳಿ. ಅದೇ ಹೊತ್ತಿಗೆ, ಎರಡು ಗಂಟೆಗೆ ಹ್ಯಾಂಡೋವರ್ ಆದ ಮೇಲೆ ಉಳಿದ ಕೆಲಸವನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು ತಪ್ಪಲ್ಲ ಎಂಬುದನ್ನೂ ತಿಳಿಯಿರಿ. ಆಸ್ಪತ್ರೆ 24 ಗಂಟೆ ನಡೆಯುವುದರಿಂದಲೇ ಮೂರು ಪಾಳಿ ಇರುವುದು. ಮುಚ್ಚಿಟ್ಟು ಹೋಗಬೇಡಿ, ಹೇಳಿ ಹೋಗಿ.

ಕೆಲಸ ಬಿಡಬೇಕೆ ಎಂದು ಕೇಳಿದ್ದೀರಿ. ಸತತ ರಾತ್ರಿ ಪಾಳಿ ಮುಗಿಸಿದ ವಾರದಲ್ಲಿ ಆ ತೀರ್ಮಾನ ಮಾಡಬೇಡಿ. ಮೊದಲ ವರ್ಷ ತುಂಬಲಿ. ಅಷ್ಟರಲ್ಲಿ ವಾರ್ಡ್ ಬದಲಿಸಿ ಕೇಳಬಹುದು. ಕೆಲವರಿಗೆ ಹೆರಿಗೆ ವಾರ್ಡ್ ಒಗ್ಗುತ್ತದೆ, ಕೆಲವರಿಗೆ ಓಟಿ, ಕೆಲವರಿಗೆ ಹಳ್ಳಿಯ ಆರೋಗ್ಯ ಕೇಂದ್ರ. ಆದರೆ ಮಾಡದ ಕೆಲಸವನ್ನು ಮಾಡಿದಂತೆ ಬರೆಯಿರಿ ಎಂದು ಒತ್ತಾಯಿಸುವ ಕಡೆ, ತಪ್ಪಾಯಿತೆಂದು ಹೇಳಿಕೊಂಡವರಿಗೆ ಎಲ್ಲರ ಎದುರು ಅವಮಾನ ಮಾಡುವ ಕಡೆ ಒಂದು ವರ್ಷ ಕಾಯಬೇಕಾಗಿಲ್ಲ. ಬೇರೆ ಆಸ್ಪತ್ರೆ ಹುಡುಕಿ. ನಿದ್ದೆಯಿಲ್ಲದ್ದು ಎರಡು ಮೂರು ವಾರ ಹೀಗೇ ಮುಂದುವರಿದರೆ, ಊಟ ಸೇರದಿದ್ದರೆ, ಡ್ಯೂಟಿಗೆ ಹೊರಡುವಾಗ ಎದೆ ಡವಡವ ಅನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಇಲ್ಲವೇ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, 14416ಕ್ಕೆ, ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರಿಗೂ ಈ ಪತ್ರ ಓದಿಸಿ. ಸದ್ಯಕ್ಕೆ ನಾಳೆಯ ಪಾಳಿಗೆ ಎರಡೇ ಕೆಲಸ ಹಿಡಿದುಕೊಳ್ಳಿ: ಟ್ರೇ ಮುಟ್ಟುವ ಮೊದಲು ಎಂಟೂ ಹಾಸಿಗೆಗಳ ಒಂದು ಸುತ್ತು, ಮತ್ತು ಹನ್ನೊಂದೂವರೆಗೆ ಕೂತು ಹತ್ತು ನಿಮಿಷದ ಬರವಣಿಗೆ. ಉಳಿದದ್ದನ್ನು ಮುಂದಿನ ವಾರ ಸೇರಿಸಿಕೊಳ್ಳಿ.